ನಾಕು ಗಾಲಿ ಹಲಗಿ

ಡಯಾಲಿಸಿಸ್ ವಾರ್ಡಿನ ರಾತ್ರಿಪಾಳಿ ಮುಗಿಸಿ ಬರತೀನಿ,
ಕಿವಿಯೊಳಗ ಇನ್ನೂ ಮಷೀನಿನ ಬೀಪು.
ಆರರ ಹೊತ್ತಿಗೆ ನವನಗರದ ರಸ್ತೆ ಖಾಲಿ.
ಮುಳುಗಿದ ಓಣಿಗಳ ಬದಲಿ ಕೊಟ್ಟ ರಸ್ತೆ;
ಇಷ್ಟು ಅಗಲ ಯಾಕ ಬೇಕಿತ್ತು, ಅಂತಾಳ ಅವ್ವ ಇನ್ನೂ.
ನನಗ ಬೇಕಿತ್ತು, ಅವ್ವಾ.

ಹಲಗಿ ದಾವಲನದು, ಎಂಟನೇತ್ತಾ ಹುಡುಗ.
ಸ್ಕೇಟ್‌ಬೋರ್ಡ್ ಅನ್ರಿ ಅಕ್ಕಾರ, ಅಂತಾನ.
ಒಂದು ಗಾಲಿ ಕಿರಿಗುಡತದ.
"ಬೀಳೂ ಮುಂದ ಕೈ ಊರಬ್ಯಾಡ್ರಿ,
ಮೊಣಕಾಲ ಬಗ್ಗಸ್ರಿ,
ನೆಲಾ ಎಲ್ಲೂ ಓಡಿ ಹೋಗೂದಿಲ್ಲ."

ಮೊದಲ ವಾರ ಮೊಣಕೈ ತರಚಿತು.
ಎಷ್ಟೋ ಮಂದಿಗೆ ಹಚ್ಚಿದ ಟಿಂಚರು
ಇಷ್ಟು ಉರೀತದಂತ ಗೊತ್ತಿರಲಿಲ್ಲ.
ಹಾಲಿನ ಗಾಡಿಯಂವ ನಕ್ಕ. ನಗಲಿ.

ನಿನ್ನೆ ಮೂರನೇ ಬೆಡ್ಡಿನ ಮುದುಕ ಬರಲಿಲ್ಲ.
ರಜಿಸ್ಟರಿನಾಗ ಒಂದು ಗೆರಿ ಎಳದೆ,
ಸ್ಕೇಲ್ ಇಟ್ಟು, ನೆಟ್ಟಗ.

ಇವತ್ತ ಇಳಿಜಾರಿನಾಗ ಒಂದೇ ಒದತ,
ಡಾಂಬರು ಸರ್ರನ ಹರೀತು ಕಾಲ ಕೆಳಗ.
ಗಾಳಿಗೆ ಬಂತೋ ತಾನಾಗಿ ಬಂತೋ ಕಣ್ಣೀರು,
ಒರಸಾಕ ಕೈಗೆ ಬಿಡುವಿರಲಿಲ್ಲ,
ಎರಡೂ ಚಾಚಿದ್ದವು.

ಹನ್ನೊಂದು ಲೈಟಿನ ಕಂಬ ದಾಟಿದೆ.
ಹನ್ನೆರಡನೇದಕ್ಕ ಬಿದ್ದೆ,
ಮೊಣಕಾಲ ಬಗ್ಗಿಸೇ.
ದಾವಲ ಅಲ್ಲಿಂದನ ಎಣಿಸಿ ಕೂಗಿದ:
"ನಿನ್ನಿಕಿಂತ ಎರಡು ಹೆಚ್ಚ್ರೀ!"