ಯಾವ ಶಾಲೆ

ಕಾಲೇಜಲ್ಲ, ಪದವಿಯಲ್ಲ,
ದೋನ್ ಫೆರ್ಮಿನ್ ಕೇಳುವುದು ಶಾಲೆ.
ಕಾಫಿಯ ಬಟ್ಟಲು ಬಸಿಗೆ ತಾಕುವ ಮುಂಚೆ,
ಹವೆ ವಿಚಾರಿಸಿದಷ್ಟೇ ಹಗುರಾಗಿ:
"ಅಂದ ಹಾಗೆ, ನೀವು ಓದಿದ್ದು ಯಾವ ಶಾಲೆ?"
ಸಾಂತಿಯಾಗೊದಲ್ಲಿ ಇಷ್ಟು ಸಾಕು.
ಉತ್ತರದೊಳಗೇ ಇರುತ್ತದೆ ಬೀದಿ, ಬಸ್ಸು,
ಅಪ್ಪನ ಅಂಗೈ, ಬೇಸಿಗೆಗೆ ಹೋದ ಸರೋವರ,
ಹೋಗದ ಸರೋವರ.

ಹದಿನೆಂಟನೇ ಮಹಡಿ. ಗಾಜಿನಾಚೆ ಆಂಡಿಸ್
ಎಷ್ಟು ಹತ್ತಿರವೆಂದರೆ
ಅದಕ್ಕೂ ಇವರೇ ಬಂಡವಾಳ ಹಾಕಿದಂತೆ.

ಯಾಸ್ನಾ ವೆಂಚುಲೆಯೊ, ಪುಯೆಂತೆ ಆಲ್ತೊದಿಂದ
ಎರಡು ಮೆಟ್ರೊ ಬದಲಿಸಿ ಬಂದಿದ್ದಳು.
ಅವಳ ಶಾಲೆಗೆ ಹೆಸರಿರಲಿಲ್ಲ, ನಂಬರಿತ್ತು.
"ಡಿ ನಾನೂರ ಹನ್ನೊಂದು," ಅಂದಳು.
ಆ ಮೇಜಿನ ಮೇಲೆ ಅದು
ಕೈದಿಯ ನಂಬರಿನ ಹಾಗೆ ಬಿತ್ತು.
ದೋನ್ ಫೆರ್ಮಿನ್ ನಕ್ಕರು, ಒಳ್ಳೆಯ ನಗೆ.
ಅವರು ಕೆಟ್ಟವರಲ್ಲ, ಇದನ್ನೂ ಬರೆದಿಡಬೇಕು:
ನಾಯಿಯನ್ನು, ಮನೆಗೆಲಸದವಳನ್ನು, ನನ್ನನ್ನು
ಹೆಸರು ಹಿಡಿದೇ ಕರೆಯುತ್ತಾರೆ.

ಅವಳ ಬಾಯಲ್ಲಿ ಚಕಾರವೆಲ್ಲ ಶಕಾರ.
ತನ್ನ ಹೆಸರನ್ನೇ ವೆಂಶುಲೆಯೊ ಎಂದಳು.
ದೇಶವನ್ನು ಚಿಲೆ ಎನ್ನಲಿಲ್ಲ, ಶಿಲೆ ಎಂದಳು.
"ಶಿಲೆಯ ತುಂಬ ಬೀದಿಸಂತೆ.
ನಸುಕಿನ ಮೂರಕ್ಕೆ ಸಗಟು ಮಂಡಿಯಿಂದ ಹೊರಡುವ
ಲಾರಿಗಳು ಅರ್ಧಕ್ಕರ್ಧ ಖಾಲಿ.
ಯಾರ ಈರುಳ್ಳಿ ಯಾರ ಲಾರಿಗೆ ಅಂತ
ನಮ್ಮ ಫೋನು ಹೇಳುತ್ತದೆ, ಅಷ್ಟೇ."
ಮುನ್ನೂರ ನಲವತ್ತು ಅಂಗಡಿ,
ತಿಂಗಳು ತಪ್ಪದೆ ದುಡ್ಡು ಕಟ್ಟುವಂಥವು.
ಲೆಕ್ಕ ಸರಿಯಿತ್ತು. ನಾನೇ ಎರಡು ಸಲ ಕೂಡಿ ನೋಡಿದೆ.

"ಮೊದಲ ಹಣ? ಸ್ನೇಹಿತರು, ಬಂಧುಗಳು?"
ಅವಳಿಗೆ ಪ್ರಶ್ನೆ ತಿಳಿಯಲಿಲ್ಲ.
"ಬಂಧುಗಳಿಗೆ ನಾನೇ ಕೊಡಬೇಕು," ಅಂದಳು.

ಷರಾ ಬರೆಯುವುದು ನನ್ನ ಕೆಲಸ.
ಸಂಸ್ಥಾಪಕಿ: ಶ್ರಮಜೀವಿ.
(ಬೇಡ ಎನ್ನುವುದಕ್ಕೆ ನಮ್ಮಲ್ಲಿ ಇದು ಸಭ್ಯ ಪದ.)
ಮಾರುಕಟ್ಟೆ: ಸಣ್ಣದು.
ಅವಳ ಅಮ್ಮ ಇಪ್ಪತ್ತೆರಡು ವರ್ಷ
ಕೊತ್ತಂಬರಿ ಮಾರಿದ್ದು
ಯಾವ ಕಾಲಮ್ಮಿಗೂ ಹೊಂದಲಿಲ್ಲ.

ಮಧ್ಯಾಹ್ನ ಬಂದವನ ಹೆಸರು ಬೇಡ,
ಮನೆತನದ್ದು ಸಾಕು, ಎರಡು ರಕಾರ ಉರುಳುವಂಥದ್ದು.
ಒಂಬತ್ತು ಸ್ಲೈಡು. ಗಿರಾಕಿ ಇನ್ನೂ ಹುಟ್ಟಿಲ್ಲ.
ನಾಯಿಗಳ ನಿದ್ದೆ ಅಳೆಯುವ ಕೊರಳಪಟ್ಟಿ.
ಶಾಲೆ ಯಾವುದೆಂದು ಕೇಳಲೇ ಇಲ್ಲ ದೋನ್ ಫೆರ್ಮಿನ್,
"ನಿಮ್ಮ ಚಿಕ್ಕಪ್ಪ ಈಗಲೂ ರಗ್ಬಿ ಆಡುತ್ತಾನಾ?" ಎಂದರು.
ಆಮೇಲೆ ನನ್ನ ಕಡೆ ತಿರುಗಿ,
"ಹುಡುಗನಲ್ಲಿ ಹಸಿವಿದೆ."
ಕ್ಲಬ್ಬಿನಲ್ಲಿ ಊಟ ಮುಗಿಸಿ ಬಂದವನು ಅವನು.
ಹಸಿವಿದೆ, ಎಂದು ಬರೆದೆ.

ನನ್ನ ಶಾಲೆಗೂ ನಂಬರೇ.
ಯಾರಾದರೂ ಕೇಳಿದರೆ
"ದಕ್ಷಿಣದಲ್ಲಿ, ಪಾದ್ರಿಗಳ ಹತ್ತಿರ," ಅನ್ನುತ್ತೇನೆ.
ಈ ದೇಶದಲ್ಲಿ ದಕ್ಷಿಣ ಬಹಳ ಉದ್ದ, ಯಾರೂ ಹುಡುಕಿ ಹೋಗುವುದಿಲ್ಲ.
ಹತ್ತೊಂಬತ್ತರ ವಯಸ್ಸಿನಲ್ಲಿ ಒಂದು ಚಳಿಗಾಲವಿಡೀ
ಬಚ್ಚಲಿನ ಕನ್ನಡಿಯೆದುರು ನಿಂತು ಚ ಚ ಚ ಎಂದು
ನಾಲಗೆಯನ್ನು ಅಂಗುಳಕ್ಕೆ ಬಡಿದು ಪಳಗಿಸಿದ್ದೆ.
ಬಾಗಿಲಾಚೆಯಿಂದ ಅಮ್ಮ:
"ಒಳಗೆ ಕೋಳಿ ಕರೀತಿದ್ದೀಯೇನೋ?"

ಹೋದ ಭಾನುವಾರ ಹಳೆಯ ಬೀದಿಯ ಸಂತೆಗೆ ಹೋಗಿದ್ದೆ.
ಸಾಮಾನು ಇಳಿಸುತ್ತಿದ್ದ ಲಾರಿಯ ಬಾಗಿಲಿಗೆ
ಯಾಸ್ನಾಳ ಹಸಿರು ಚೀಟಿ ಅಂಟಿತ್ತು, ಮೂಲೆ ಕಿತ್ತು ಬಂದು.
ಸೊಪ್ಪಿನ ಗುಡ್ಡೆಯ ಹಿಂದೆ ಒಬ್ಬಾಕೆ ಕೂಗುತ್ತಿದ್ದಳು,
ಲೆಶೂಗ, ಲೆಶೂಗ, ಈಗ ತಾನೇ ಬಂದ ಲೆಶೂಗ.
"ಲೆಚೂಗ ಎಷ್ಟು?" ಎಂದೆ.

ತಲೆಯೆತ್ತಿದಳು.
ಬೂಟು ನೋಡಲಿಲ್ಲ, ಅಂಗಿ ನೋಡಲಿಲ್ಲ, ಬಾಯಿ ನೋಡಿದಳು.
ಪಕ್ಕದವಳಿಗೆ ಹೇಳಿದ್ದಕ್ಕಿಂತ
ಇನ್ನೂರು ಪೆಸೊ ಹೆಚ್ಚಿಗೆ ಹೇಳಿದಳು.
ಚೌಕಾಸಿಗೆಂದು ಬಾಯಿ ತೆರೆದೆ.
ಯಾವ ನಾಲಗೆಯಲ್ಲಿ ಮಾಡಲಿ?
ಕೊಟ್ಟು ಬಂದೆ.