ಬಾಲ ಹಚ್ಚಿದ ಹಣ್ಣು

ಜತ್ತದ ದವಾಖಾನ್ಯಾಗ ಗುಳಿಗಿ ಕೊಟ್ಟ ದತ್ತೂ
ಚೀಟಿ ಓದಿ ಅಂದ: ‘ದ್ರಾಕ್ಷ ಬಂದ್, ಮಾವಶಿ.’
ನಾ ನಕ್ಕೆ. ಅವ ನಗಲಿಲ್ಲ.
ರಕ್ತದಾಗ ಜಿಡ್ಡು ಕುಂತೈತಿ ಅಂದ್ರ
ಎಣ್ಣಿ ಬಿಡು ಅನಬೇಕು, ಹೋಳಿಗಿ ಮ್ಯಾಲಿನ ತುಪ್ಪ ಬಿಡು ಅನಬೇಕು.
ದ್ರಾಕ್ಷಿ ಏನು ಮಾಡಿತ್ತು?

ಆ ಮಾಘ, ಆ ಫಾಲ್ಗುಣ, ಚೈತ್ರ ಮುಗಿಯೂ ತನಕ
ಉಮದಿ ಹಾದಿಯ ಶೆಡ್ಡಿನೊಳಗ ಕುಂತು
ಹಸರು ಒಂದ್ಕಡೆ, ಹಳದಿ ಒಂದ್ಕಡೆ,
ಕಪ್ಪಾದದ್ದು ಕಾಲ ಬುಡಕ.
ಸಾವಿರ ಸಾವಿರ ಬೇದಾಣಿ ಬೆರಳು ದಾಟಿದವು,
ಒಂದೂ ತುಟಿ ದಾಟಲಿಲ್ಲ.
ಗೌರಾಬಾಯಿ ಸೆರಗಿನಾಗ ಕಟ್ಟಿಕೊಂಡು ತಿಂತಿದ್ಲು,
ಮುಕಾದಮ ಕಂಡೂ ಕಾಣದಂಗ ಇರತಿದ್ದ.
ಸಂಜಿಕ ನಾ ಕೈ ತೊಳೆದ ನೀರಿಗೆ
ಇರಿವಿ ಸಾಲು ಹಚ್ಚತಿದ್ದವು.

ಗಣಪತಿ ಬಂದ. ಬಚ್ಚಲ ನೀರಿಗೆ ಬೆಳೆದ ಗಿಡದಾಗ ಪಪನಸ
(ಗಡಿ ಆ ಕಡೆ ನೀವು ಚಕ್ಕೋತ ಅಂತೀರಿ)
ತಂಬಿಗಿಯಷ್ಟಷ್ಟು ಜೋತಾಡ್ತಿದ್ದವು.
ದ್ರಾಕ್ಷಿ ಬಿಟ್ಟ ಬಾಯಿಗೆ ಅದೇ ಸಮಾಧಾನ.
ದಪ್ಪ ಸಿಪ್ಪಿ ಸುಲಿದು, ಬಿಳಿ ಪರೆ ಹರಿದು,
ಗುಲಾಬಿ ತೊಳಿಗೆ ಉಪ್ಪು ಹಚ್ಚಿ
ದಿನಾ ರಾತ್ರಿ, ಮ್ಯಾಲ ಗುಳಿಗಿ.

ಹತ್ತು ದಿನಕ್ಕ ತೊಡಿ ನೋಯಾಕ ಹತ್ತಿದವು
ಕಲ್ಲು ಹೊತ್ತವರ ತೊಡಿ ಹಂಗ.
ಶೆಡ್ ಮುಚ್ಚಿದ ಕಾಲ, ಏನೂ ಹೊತ್ತಿರಲಿಲ್ಲ.
ಬಚ್ಚಲಕ್ಕ ಹೋಗಾಕ ಗ್ವಾಡಿ ಹಿಡೀಬೇಕು.
ವಯಸ್ಸು ಅಂದ್ರು. ಗಣಪನ ಮುಂದ ಭಾಳ ಕುಂತಿ ಅಂದ್ರು.

ಸಂಖದ ಹೊಸಾ ಔಷಧಿ ಅಂಗಡ್ಯಾಗ
ನಗಾರ್ಚಿಯವರ ಮಗಳು ಆಸ್ಮಾ
ಡಬ್ಬಿಯೊಳಗಿನ ಹಾಳಿ ಬಿಡಿಸಿದಳು.
ಎಂಟು ಮಡಿಕಿ, ಇರಿವಿಗಿಂತ ಸಣ್ಣ ಅಕ್ಷರ.
‘ಗ್ರೇಪ್‌ಫ್ರೂಟ್’ ಅಂತ ಬೆರಳಿಟ್ಟಳು.
‘ಗ್ರೇಪ್ ಅಂದ್ರ ದ್ರಾಕ್ಷಿ, ಖರೆ ದೊಡ್ಡವ್ವ.
ಬಾಲ ಹಚ್ಚಿದ್ರ ಬ್ಯಾರೆ ಹಣ್ಣು.
ಅದು ನಮ್ಮ ಕಡೆ ಬೆಳೆಯೂದಿಲ್ಲ, ಅದರ ತಾಯಿ ಐತಿ.’
‘ಯಾವುದು?’
‘ಪಪನಸ.
ಗುಳಿಗಿ ಹೊರಗ ಹೋಗೂ ಬಾಗಿಲಾ ಹಾಕತೈತಿ.
ಒಂದು ನುಂಗಿದ್ರ ಎರಡು ನುಂಗಿದಂಗ.’

ಅಂಗಡಿ ಕಟ್ಟಿ ಮ್ಯಾಲ ಕುಂತುಬಿಟ್ಟೆ.
ದತ್ತೂಗ ಬೈಯಾಕ ಬಾಯಿ ತೆರೆದೆ,
ಅವ ಸೋಲಾಪುರಕ್ಕ ವರ್ಗ ಆಗಿದ್ದ.
‘ಗುಳಿಗಿ ನಿನ್ನಷ್ಟಕ್ಕ ನೀ ಬಿಡಬ್ಯಾಡ,
ನಾಳೆನ ಡಾಕ್ಟರಿಗೆ ತೊಡಿ ತೋರಿಸು’ ಅಂದ್ಲು ಆಸ್ಮಾ,
ಮತ್ತ ಹಾಳಿ ಮಡಚಾಕ ಹೋದ್ಲು.
ಅದು ಮೊದಲಿನಂಗ ಮಡಚಲಿಲ್ಲ.

ಗಿಡದಾಗ ಇನ್ನೂ ಏಳು ಹಣ್ಣಿದ್ದವು.
ಸಾಲಿಗೆ ಹೋಗೂ ಹುಡುಗರಿಗೆ ಹಂಚಿದೆ,
ಯಾವ ಗುಳಿಗೀನೂ ನುಂಗದವರಿಗೆ.

ಗೌರಾಬಾಯಿ ಡಬ್ಬಿ ತಳ ಕೆರೆದು ಒಂದು ಹಿಡಿ ತಂದಳು,
ಕಪ್ಪಾದವು, ಕಾಲ ಬುಡಕಿನವು.
ಒಂದು ಬಾಯಿಗಿಟ್ಟೆ.
ಮೊದಲು ಗಂಧಕದ ಹೊಗಿ.
ಆಮ್ಯಾಲ, ಭಾಳ ತಡಮಾಡಿ, ಫಾಲ್ಗುಣ.