ಅಳತಿ

ಮಷೀನಿನ ಪೆಡಲ್ ಮ್ಯಾಲ
ಕುಂತಾಳ ನೋಡ್ರಿ ಮತ್ತ, ಬೂದಿಬಣ್ಣದಾಕಿ.
ನಾ ತುಳದಂಗ ಏರತಾಳ, ಇಳಿತಾಳ,
ಅರ್ಧ ಕಣ್ಣು ಮುಚ್ಚಿ.

ಚಿತ್ತಾಪುರ ಸಂತ್ಯಾಗಿಂದ ತಂದ ದಿನ
ಕೈ ಕುಕ್ಕಿ ರಕ್ತ ತೆಗದಿದ್ದಳು.
ಈಗ ಕತ್ತರಿ ಸಪ್ಪಳಾದ್ರ ಸಾಕು, ಓಡಿ ಬರತಾಳ.
ಗಿರಾಕಿ ಬಂದ್ರ ಪರದಾದ ಹಿಂದ,
ಹೋದ್ರ ನನ್ನ ತೊಡಿ ಮ್ಯಾಲ.

ಮೊನ್ನೆ ಕರೆಂಟ್ ಹೋದಾಗ, ಕೆಲಸಿಲ್ಲ,
ಟೇಪ್ ಸುತ್ತಿದೆ:
ಎದಿ ಹದಿನಾಕು.
ಅಲಗಾಡಲಿಲ್ಲ. ಟೇಪಿನ ತೆಳಗ
ಜೀವ ಪುಕುಪುಕು ಅನ್ನೂದು ಬೆರಳಿಗೆ ಹತ್ತಿತು.

ವಹಿಯೊಳಗ ಬರದೀನಿ,
ಖಮರುನ್ನಿಸಾಗೂ ಸಾಬವ್ವಗೂ ನಡುವ
ಹೆಸರಿಲ್ಲದೊಂದು ಸಾಲು: ಹದಿನಾಕು.

ಇಪ್ಪತ್ತು ವರ್ಷದಾಗ ಈ ಓಣಿ ಹೆಂಗಸರ ಎದಿ, ನಡ, ತೋಳು
ಎಲ್ಲಾ ನನಗ ಬಾಯಿಪಾಠ.
ನನ್ನ ಅಳತಿ ಯಾರೂ ತಗೊಂಡಿಲ್ಲ.
ಅಕಿ ಮಾತ್ರ ತಲಿ ಡೊಂಕ ಮಾಡಿ
ಒಂದ ಕಣ್ಣಿಲೆ
ಮ್ಯಾಲಿಂದ ತೆಳಗಿನತನಕ ನೋಡತಾಳ.